ಗಡ್ಡೆಗೆಂದು ಹಿಡಿದ ಪಥ್ಯ

ನನ್ನ ಹೆಸರು ಅಮ್ಮಾಜಮ್ಮ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯವಳು. ಹೋದ ವರ್ಷ ನನ್ನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದರು. ನಮ್ಮ ಯಜಮಾನರು ನರಸಿಂಹಪ್ಪ ನನಗಿಂತ ಹೆಚ್ಚು ಅತ್ತರು. ಅತ್ತು ಮುಗಿಸಿ ನೇರವಾಗಿ ನನ್ನ ತಟ್ಟೆಗೇ ಕೈ ಹಾಕಿದರು! ಮೊಟ್ಟೆ ಹೋಯಿತು, ಬೇಳೆ ಹೋಯಿತು, ಹಾಲೂ ಹೋಯಿತು. ಉಳಿದದ್ದು ಗಂಜಿ, ನೀರು ಮಜ್ಜಿಗೆ.

ಕ್ಯಾನ್ಸರ್ ಕೋಶಗಳು ಪ್ರೋಟೀನ್ ನುಂಗಿ ಬೆಳೆಯುತ್ತವೆ ಎಂದು ಯಾರೋ ಅವರ ಫೋನಿಗೆ ವಿಡಿಯೊ ಕಳಿಸಿದ್ದರು. ಅದಕ್ಕೆ ರೇಷ್ಮೆ ಹುಳು ಸಾಕುವ ಇವರ ಬುದ್ಧಿಯೂ ಸೇರಿಕೊಂಡಿತು. ಹುಳು ಪೊರೆ ಬಿಡುವ ಹೊತ್ತಿಗೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಆಗ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ.

"ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀವೇನೆ? ಬಾಯಿ ಕಟ್ಟಿದ್ರೇನೇ ಚೆನ್ನಾಗಿ ಏಳೋದು. ಗಡ್ಡೆಗೆ ತಿನ್ನೋಕೆ ಏನೂ ಸಿಗಬಾರದು" ಎಂದರು.

ನಾನೂ ನಂಬಿದೆ. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದೆ. ಮೂರನೆಯ ಕೀಮೊಗೆ ಹೋದಾಗ ಡಾಕ್ಟರು, "ಇಷ್ಟು ನಿಶ್ಶಕ್ತಿ ಇದ್ರೆ ಔಷಧಿ ಕೊಡೋಕಾಗಲ್ಲ, ಮೊದಲು ಚೇತರಿಸ್ಕೊಳ್ಳಿ" ಎಂದು ವಾಪಸು ಕಳಿಸಿದರು. ಔಷಧಿ ನಿಂತರೆ ನಾನು ಉಳಿಯುವುದಿಲ್ಲ ಎಂದು ಭಯವಾಯಿತು. ಆದರೂ ಇವರು ಪಥ್ಯ ಬಿಡಿಸಲಿಲ್ಲ.

ಆ ವಾರ ನನ್ನ ಮೈದುನನ ಮಗಳು ಹರಿತಾ ನೋಡಲು ಬಂದಳು. ಬೆಂಗಳೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಅವಳು ನರ್ಸು. ನನ್ನ ತಟ್ಟೆ ನೋಡಿದ್ದೇ ಅವಳ ಮುಖ ಕೆಂಪಾಯಿತು.

"ಇದೇನು ದೊಡ್ಡಪ್ಪ, ಬರೀ ಗಂಜಿ?"

ಇವರು ವಿಡಿಯೊ ತೋರಿಸಿದರು.

"ಇದ್ರಲ್ಲಿ ಅರ್ಧ ನಿಜ ದೊಡ್ಡಪ್ಪ. ತಿಂದ ಬೇಳೆ, ಮೊಟ್ಟೆ ಹೊಟ್ಟೇಲಿ ಕರಗಿ ಸಣ್ಣ ಸಣ್ಣ ಚೂರಾಗುತ್ತೆ. ಒಳ್ಳೆ ಕೋಶಗಳು ಹೆಚ್ಚಾಗಿ ಆ ಚೂರನ್ನೇ ಬೇಕಾದಷ್ಟು ತಗೊಳ್ತವೆ. ಕೆಲವು ಕ್ಯಾನ್ಸರ್ ಕೋಶ ಹಂಗಲ್ಲ. ಸುತ್ತ ಇರೋ ಪ್ರೋಟೀನನ್ನ ಇಡಿಯಾಗಿ ಬಾಚಿ ನುಂಗಿ ಒಳಗೇ ಅರಗಿಸ್ಕೊಳ್ತವೆ."

"ನಾನೂ ಅದನ್ನೇ ಅಲ್ವೇನಮ್ಮ ಹೇಳ್ತಿರೋದು? ಕೊಡದೇ ಇದ್ರೆ ಎಲ್ಲಿಂದ ನುಂಗ್ತವೆ?"

"ದೊಡ್ಡಮ್ಮನ ಮೈಯಿಂದ! ಊಟ ಸಾಲದೇ ಇದ್ರೆ ಮೈ ತನ್ನ ಮಾಂಸಖಂಡಾನೇ ಕರಗಿಸುತ್ತೆ. ಅದ್ರಲ್ಲೂ ಆ ಕೋಶಗಳು ಪಾಲು ತಗೊಳ್ತವೆ. ಒಣಗೋದು ದೊಡ್ಡಮ್ಮ ಒಬ್ರೇ."

ಇವರು ಒಪ್ಪಲಿಲ್ಲ. "ಮತ್ತೆ ಹುಳ?" ಎಂದರು.

"ಜ್ವರಕ್ಕೆ ಕೂತ ಹುಳಕ್ಕೆ ಕಾಯಿಲೆ ಇಲ್ಲ ದೊಡ್ಡಪ್ಪ, ಅದು ಪೊರೆ ಬಿಡ್ತಿರುತ್ತೆ ಅಷ್ಟೆ. ಊಜಿ ನೊಣ ಮೊಟ್ಟೆ ಇಟ್ಟ ಹುಳಕ್ಕೆ ಸೊಪ್ಪು ನಿಲ್ಲಿಸಿ ನೋಡಿ. ಒಳಗೇ ಕೂತು ಹುಳಾನ ತಿಂತಿರೋ ಊಜಿ ಮರಿ ಸಾಯುತ್ತಾ?"

"ಎಲ್ಲಿ ಸಾಯುತ್ತೆ! ಮೊದಲು ಹುಳಾನೇ..."

ನಮ್ಮ ಯಜಮಾನರು ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು. ಎದ್ದು ಅಡುಗೆಮನೆಗೆ ಹೋಗಿ ಮೊಟ್ಟೆ ಬೇಯಲು ಇಟ್ಟರು. ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ!

"ಗಡ್ಡೆಯನ್ನ ಔಷಧಿ ನೋಡ್ಕೊಳ್ಳುತ್ತೆ. ಆ ಔಷಧಿ ತಡ್ಕೊಳ್ಳೋ ಶಕ್ತಿ ಊಟದಿಂದ ಬರಬೇಕು" ಎಂದಳು ಹರಿತಾ. ಆಸ್ಪತ್ರೆಯ ಆಹಾರ ತಜ್ಞೆಯ ಹತ್ತಿರವೂ ಅವಳೇ ಕರೆದುಕೊಂಡು ಹೋದಳು. ಅವರು ಹೇಳಿದಂತೆ ಬೇಳೆ, ಮೊಟ್ಟೆ, ಮೊಸರು, ಅವರೆಕಾಳು ಸಾರು ಸ್ವಲ್ಪ ಸ್ವಲ್ಪವಾಗಿ ತಟ್ಟೆಗೆ ಮರಳಿದವು. ಕೆಲವು ವಾರಗಳಲ್ಲಿ ಕೀಮೊ ಮತ್ತೆ ಶುರುವಾಯಿತು. ಈಗ ಎಲ್ಲ ಮುಗಿದು, ತಪಾಸಣೆಗೆ ನಾನೇ ನಡೆದುಕೊಂಡು ಹೋಗಿ ಬಸ್ಸು ಹತ್ತುತ್ತೇನೆ. ಹರಿತಾಳ ಋಣ ನಾನು ತೀರಿಸಲಾರೆ. ಹಟ ಬಿಟ್ಟ ನನ್ನ ಗಂಡನ ಋಣವೂ ದೊಡ್ಡದೇ.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಫೋನು ನೋಡಿ ಊಟ ಕಡಿಮೆ ಮಾಡಬೇಡಿ. ಏನು, ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇದ್ದವರಿಗೆ ಅಳತೆ ಬೇರೆ ಇರುತ್ತದೆ. ಔಷಧಿ ತಪ್ಪಿಸಬೇಡಿ. ಕಾಯಿಲೆಯನ್ನು ಸಾಯಿಸುತ್ತೇವೆಂದು ನಿಮ್ಮವರನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಬೇಡಿ.