ನಮ್ಮ ಡಾಟ್ ಅಂಗಡಿ

"ಇದೇನಮ್ಮಾ ಇದು, ನಮ್ಮ ಪುಟದಲ್ಲಿ ಬಣ್ಣದ ಡಬ್ಬ ಕೂತಿವೆ!"

ಭಾವನ ಕೂಗು ಕೇಳಿದಾಗ ಕಂಪನಿಯ ಒಡತಿ ಕಾಫಿ ಲೋಟವನ್ನು ಆಗತಾನೇ ಬಾಯಿಯ ಹತ್ತಿರ ಒಯ್ದಿದ್ದಳು. ಅದನ್ನು ಹಾಗೇ ಮೇಜಿನ ಮೇಲಿಟ್ಟು ಸಭೆಯ ಕೋಣೆಗೆ ಓಡಿದಳು. ಭಾವ ದೊಡ್ಡ ಪರದೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮಧ್ಯಾಹ್ನ ಬಂಡವಾಳ ಹಾಕುವ ಕಂಪನಿಯ ಹಿರಿಯರೊಬ್ಬರು ಬರುವವರಿದ್ದರು. ಅವರಿಗೆ ತೋರಿಸಬೇಕಾದ್ದನ್ನೆಲ್ಲ ಮೊದಲೇ ಒಮ್ಮೆ ತಮಗೇ ತೋರಿಸಿಕೊಳ್ಳದಿದ್ದರೆ ಭಾವನಿಗೆ ಸಮಾಧಾನವಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಸೊಟ್ಟಗೆ ತೂಗಿದ ಪಟವನ್ನು ನೇರ ಮಾಡಿಯೇ ಕುರ್ಚಿಯಲ್ಲಿ ಕೂರುವ ಮನುಷ್ಯ ಅವರು.

ಪರದೆಯಲ್ಲಿ ನಿಜಕ್ಕೂ ಬಣ್ಣದ ಡಬ್ಬಗಳಿದ್ದವು. ಪಕ್ಕದಲ್ಲಿ ಬ್ರಷ್ಷು, ಬಾಗಿಲ ಚಿಲಕ, ಒಂದು ಹಿಡಿ ಮೊಳೆ. ಕೆಳಗೆ ದಪ್ಪ ಅಕ್ಷರದಲ್ಲಿ, 'ನಾಳೆಯಿಂದ ಬಾಗಿಲು ತೆರೆದಿರುತ್ತೆ, ಬನ್ನಿ.' ಮೇಲಿನ ವಿಳಾಸ ಮಾತ್ರ ಇವರದೇ: ನಮ್ಮ.ಅಂಗಡಿ.

ಒಡತಿ ಪರದೆಯ ಹತ್ತಿರ ಹೋಗಿ ವಿಳಾಸವನ್ನು ಮತ್ತೊಮ್ಮೆ ಓದಿದಳು. ಆ ವಿಳಾಸ ಅವಳ ಕಂಪನಿಯ ಹಣೆಯ ಮೇಲಿನ ಬರಹದಂತಿತ್ತು. ಜಾಹೀರಾತಿನಲ್ಲಿ ಅದೇ, ಕಾಫಿ ಲೋಟದ ಮೇಲೆ ಅದೇ, ಒಳಗೆ ಬಂದವರಿಗೆ ಮೊದಲು ಕಾಣುವ ಗೋಡೆಯ ಮೇಲೂ ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಅದೇ.

ಅವಳ ವ್ಯಾಪಾರ ಎಂಥದ್ದೆಂದು ಅವಳ ತಾಯಿಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಇಂಟರ್ನೆಟ್ ವಿಳಾಸದ ಕೊನೆಯಲ್ಲಿ ಚುಕ್ಕಿಯಾದ ಮೇಲೆ ಒಂದು ಪದ ಬರುತ್ತದಲ್ಲ, ಅಂಥ ಹೊಸ ಪದವೊಂದನ್ನು ನಡೆಸುವ ಹಕ್ಕನ್ನು ಅವಳ ಕಂಪನಿ ಪಡೆದಿತ್ತು. ಪದ 'ಅಂಗಡಿ'. ಅಂಗಡಿ ಇಟ್ಟವರು ಯಾರು ಬೇಕಾದರೂ ಆ ಪದದ ಮುಂದೆ ತಮ್ಮದೊಂದು ಹೆಸರು ಸೇರಿಸಿ ವಿಳಾಸ ಮಾಡಿಕೊಳ್ಳಬಹುದು. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಿಕೊಳ್ಳಬೇಕು, ಅಷ್ಟೇ. "ಅಂದ್ರೆ ನೀನು ಬಾಲ ಮಾರ್ತೀಯ," ಎಂದು ತಾಯಿ ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂದಿನಿಂದ ನೆಂಟರಿಷ್ಟರಲ್ಲೆಲ್ಲ ಅವಳು ಬಾಲದಕ್ಕ. ಅವಳಿಗೇನೂ ಬೇಸರವಿಲ್ಲ. ಹೊಲಿಗೆಯವರು, ಗಡಿಯಾರ ರಿಪೇರಿಯವರು, ಹಳೇ ಸೈಕಲ್ ಮಾರುವವರು, ಎಷ್ಟೋ ಸಾವಿರ ಜನ ಆ ಬಾಲ ಹಿಡಿದು ಹೊಟ್ಟೆ ಹೊರೆಯುತ್ತಿದ್ದರು.

"ಮೌನಿ ಎಲ್ಲಿ? ಕರೀರಿ ಅವನನ್ನ," ಎಂದಳು.

ಮೌನಿ ಎಂದರೆ ಕಂಪನಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ನಡುವಯಸ್ಸಿನ ಎಂಜಿನಿಯರು. ಮಾತಿಗೆ ಶುಲ್ಕ ಹಾಕುತ್ತಾರೇನೋ ಎನ್ನುವ ಹಾಗೆ ಬದುಕಿದವನು. ಬಂದ, ಪರದೆ ನೋಡಿದ, ತನ್ನ ಕಂಪ್ಯೂಟರಿಗೆ ಹೋದ, ತಿರುಗಿ ಬಂದ.

"ಯಾರೂ ಕದ್ದಿಲ್ಲ ಮೇಡಂ. ನಾವೇ ನವೀಕರಿಸಿಲ್ಲ."

"ನವೀಕರಿಸಿಲ್ಲ ಅಂದ್ರೆ?" ಭಾವನ ದನಿ ಏರಿತು. "ಊರಿಗೆಲ್ಲ ನವೀಕರಿಸಿ ನವೀಕರಿಸಿ ಅಂತ ಪತ್ರ ಹಾಕೋರು ನಾವು!"

"ನಮಗೂ ಬಂದಿದ್ವು. ನಮ್ಮ ಯಂತ್ರದಿಂದ ಬರೋ ಪತ್ರ ಅಲ್ವಾ ಅಂತ ಎಲ್ಲರೂ ಓದದ ಕಡೆ ತಳ್ಳಿಬಿಟ್ಟಿದೀವಿ. ನಾನೂನು."

ಒಡತಿ ಕಣ್ಣು ಮುಚ್ಚಿದಳು. ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲವೂ ಅವಳೇ ಮಾಡಿದ್ದ ಏರ್ಪಾಡು. ಬೇರೆ ಕಂಪನಿಗಳು ಹೊಸ ಬಾಲ ಸಿಕ್ಕಿದ ಕೂಡಲೇ ಒಳ್ಳೊಳ್ಳೆಯ ಹೆಸರುಗಳನ್ನೆಲ್ಲ ತಮಗೇ ಎತ್ತಿಟ್ಟುಕೊಂಡು ಆಮೇಲೆ ಬೆಲೆ ಏರಿಸಿ ಮಾರುತ್ತವೆ. ಅವಳು ಒಂದನ್ನೂ ಎತ್ತಿಡಲಿಲ್ಲ. ತನಗೆ ಬೇಕಾದ ಈ ಹೆಸರನ್ನು ಕೂಡ ಎಲ್ಲರ ಹಾಗೆ ಸರದಿಯಲ್ಲಿ ನಿಂತು, ಶುಲ್ಕ ಕಟ್ಟಿಯೇ ಪಡೆದಿದ್ದಳು. ಅವಧಿ ಮುಗಿದ ಕೂಡಲೇ ವಿಳಾಸ ಸ್ಥಗಿತಗೊಳಿಸಿದರೆ ಮರೆತ ಬಡಪಾಯಿಯ ವ್ಯಾಪಾರ ನಿಂತೀತೆಂದು, ಕೊನೆಯ ಗಡುವಿನವರೆಗೂ ಪುಟ ನಡೆಯುತ್ತಲೇ ಇರಲಿ ಎಂದವಳೂ ಅವಳೇ. ಹಾಗಾಗಿ ಯಾರಿಗೂ ಸುಳಿವು ಹತ್ತಲಿಲ್ಲ. ಗಡುವು ದಾಟಿದ ದಿನ ಹೆಸರು ತಾನಾಗಿ ಕಳಚಿಕೊಂಡು, ಯಾರು ಮೊದಲು ಕೇಳಿದರೋ ಅವರ ಪಾಲಾಯಿತು. ಅದಾಗಿ ಎರಡು ವಾರ. ಅಷ್ಟು ದಿನ ಯಾರೂ ಆ ಪುಟ ತೆರೆದೂ ನೋಡಿರಲಿಲ್ಲ. ತಮ್ಮ ಅಂಗಡಿಗೆ ತಾವೇ ಗಿರಾಕಿಯಾಗಿ ಹೋಗುವವರು ಯಾರಿದ್ದಾರೆ?

"ವಾಪಸ್ ತಗೊಳ್ಳೋಕಾಗುತ್ತಾ?" ಭಾವ ಮೌನಿಯನ್ನೇ ಕೇಳಿದರು.

"ಒಂದು ಗುಂಡಿ ಒತ್ತಿದ್ರೆ ಸಾಕು. ಮೋಸಗಾರರ ಹೆಸರು ಕಿತ್ಕೊಳ್ಳೋಕೆ ಅಂತ ಇಟ್ಟಿರೋದು."

"ಒತ್ತು ಮತ್ತೆ!"

"ಒತ್ತಬೇಡ," ಎಂದಳು ಒಡತಿ.

ಭಾವ ಅವಳತ್ತ ತಿರುಗಿದರು. ಅಕ್ಕನನ್ನು ಮದುವೆಯಾದ ದಿನದಿಂದ ಅವಳ ಬೆನ್ನಿಗೆ ನಿಂತವರು ಅವರು. ಕೈಯಲ್ಲಿದ್ದ ಕೆಲಸ ಬಿಟ್ಟು ಈ ಬಾಲದ ವ್ಯಾಪಾರಕ್ಕೆ ಪಾಲುದಾರರಾಗಿ ಬಂದವರು. "ನೋಡಮ್ಮ, ಹಟ ಮಾಡೋ ಹೊತ್ತಲ್ಲ ಇದು. ಇವತ್ತು ಆ ಹಿರಿಯರು ಒಪ್ಪಿದ್ರೆ ನಮ್ಮ ಎರಡನೇ ಪದಕ್ಕೆ ಅರ್ಜಿ ಹಾಕಬಹುದು. 'ಕೈಕೆಲಸ' ಅನ್ನೋ ಪದಕ್ಕೆ ಎಷ್ಟು ವರ್ಷದಿಂದ ಕನಸು ಕಾಣ್ತಿದೀಯ. ತಮ್ಮ ಹೆಸರನ್ನೇ ಕಳ್ಕೊಂಡೋರು ಅಂತ ಗೊತ್ತಾದ್ರೆ ನಗ್ತಾರೆ ಕಣಮ್ಮ."

"ಕೊಟ್ಟ ಹೆಸರು ಕಿತ್ಕೊಳ್ಳಲ್ಲ ಅಂತ ಮೊದಲನೇ ದಿನ ಬರ್ಕೊಟ್ಟಿದೀವಿ ಭಾವ."

"ಅದು ಬೇರೆಯವರ ಹೆಸರಿಗೆ!"

"ಈಗ ಇದೂ ಬೇರೆಯವರದ್ದೇ." ಅವಳು ಕೈಚೀಲ ತೆಗೆದುಕೊಂಡಳು. "ಆದ್ರೆ ಕೇಳೋದು ತಪ್ಪಲ್ಲ. ಹೋಗಿ ಕೇಳಿಕೊಂಡು ಬರ್ತೀನಿ. ಒಳ್ಳೇ ಬೆಲೆ ಕೊಟ್ರೆ ಯಾರು ಬೇಡ ಅಂತಾರೆ?"

ದಾಖಲೆಯಲ್ಲಿದ್ದ ವಿಳಾಸದ ಪ್ರಕಾರ ಆ ಬಣ್ಣದಂಗಡಿ ಅದೇ ಊರಿನಲ್ಲಿತ್ತು. ರೈಲು ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಕ್ಷೌರದಂಗಡಿಗೂ ನಡುವೆ. ಕಬ್ಬಿಣದ ಬಾಗಿಲನ್ನು ಅರ್ಧ ಎತ್ತಿದ್ದರು. ಒಳಗೆ ಇಬ್ಬರು ಹೆಂಗಸರು ಖಾನೆಗಳಲ್ಲಿ ತಿರುಪುಮೊಳೆಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತ, ಅಷ್ಟೇ ಚುರುಕಾಗಿ ಜಗಳವಾಡುತ್ತಿದ್ದರು. ಒಬ್ಬಳು ತುಸು ದಪ್ಪಗೆ, ವಯಸ್ಸಾದವಳು. ಇನ್ನೊಬ್ಬಳು ಸಣಕಲು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡವಳು. ಗೋಡೆಗೆ ಒರಗಿಸಿ ಒಂದು ಉದ್ದನೆಯ ಹಲಗೆ ನಿಲ್ಲಿಸಿದ್ದರು. ನೀಲಿ ಹಿನ್ನೆಲೆ, ಹಳದಿ ಅಕ್ಷರ: ನಮ್ಮ.ಅಂಗಡಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಇವತ್ತು ವ್ಯಾಪಾರ ಇಲ್ಲ, ನಾಳೆ ಬನ್ನಿ," ಎಂದಳು ದೊಡ್ಡವಳು.

"ವ್ಯಾಪಾರಕ್ಕಲ್ಲ. ಹೆಸರಿನ ವಿಷಯ ಮಾತಾಡೋಕೆ ಬಂದೆ."

"ನೋಡಕ್ಕ, ನಾನು ಹೇಳ್ಲಿಲ್ವಾ? ಆಗಲೇ ಜನ ಹೆಸರು ನೋಡಿ ಬರ್ತಿದಾರೆ!" ಸಣ್ಣವಳು ಹಿಗ್ಗಿದಳು. ಒಂದು ಸ್ಟೂಲು ಒರೆಸಿ ಕೊಟ್ಟು, ಯಾರು ಏನು ಎಂದು ಕೇಳುವ ಮೊದಲೇ ಕಥೆ ಶುರು ಮಾಡಿದಳು. "ನಾವು ಅಕ್ಕತಂಗೀರಲ್ಲ, ವಾರಗಿತ್ತಿಯರು. ಗಂಡಂದಿರ ಅಂಗಡೀಲಿ ಇಬ್ಬರೂ ಇಷ್ಟು ವರ್ಷ ದುಡಿದ್ವಿ. ಅಣ್ಣತಮ್ಮ ಇಬ್ಬರಿಗೂ ಆಗಿಬರಲ್ಲ, ಪಾಲು ಮಾಡ್ಕೊಂಡ್ರು. ನಾವ್ಯಾಕೆ ಬೇರೆ ಆಗಬೇಕು ಅಂತ ನಾವಿಬ್ಬರೂ ಸೇರಿ ನಮ್ಮದೇ ಒಂದು ಹಾಕಿದ್ವಿ."

"ಅವರಿಗೆ ಆಗಿಬರಲ್ಲ, ನಮಗೆ ಬಹಳ ಆಗಿಬರುತ್ತೆ ಅನ್ನೋ ಹಾಗೆ ಹೇಳ್ತಾಳೆ ನೋಡಿ," ಎಂದಳು ದೊಡ್ಡವಳು. "ಬೋರ್ಡಿನ ಮೇಲೆ ಇವಳ ಹೆಸರು ನಾನು ಒಪ್ಪಲ್ಲ. ನನ್ನ ಹೆಸರು ಇವಳು ಒಪ್ಪಲ್ಲ. ಅತ್ತೆ ಹೆಸರು ಇಬ್ಬರೂ ಒಪ್ಪಲ್ಲ!"

"ಒಪ್ಪಿದ್ದು ಇದೊಂದೇ," ಸಣ್ಣವಳು ಹಲಗೆಯತ್ತ ಗಲ್ಲ ಎತ್ತಿದಳು. "ಆದ್ರೆ ಫೋನಲ್ಲಿ ನೋಡಿದ್ರೆ ಬೇರೆ ಯಾರದೋ ಆಗಿತ್ತು. ನಾನು ಬಿಡ್ಲಿಲ್ಲ, ದಿನಾ ಹಲ್ಲುಜ್ಜಿದ ಮೇಲೆ ಒಂದು ಸಲ ನೋಡೋದೇ. ಒಂದು ದಿನ ಬೆಳಿಗ್ಗೆ ನೋಡ್ತೀನಿ, ಖಾಲಿ! ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟಿದ್ರು."

ಒಡತಿಗೆ ನಗು ಬಂತು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಸುತ್ತಿ ಬಳಸಿ ಮಾತಾಡಲೂ ಬರುತ್ತಿರಲಿಲ್ಲ.

"ಆ ಪುಣ್ಯಾತ್ಮಳು ನಾನೇ. ಬಿಟ್ಟುಕೊಟ್ಟಿದ್ದಲ್ಲ, ಮರೆತಿದ್ದು. ವಿಳಾಸದ ಕೊನೇಲಿರೋ ಅಂಗಡಿ ಅನ್ನೋ ಬಾಲ ನಡೆಸೋದು ನಮ್ಮ ಕಂಪನಿ. ನಿಮಗೆ ಏನು ಬೇಕೋ ಹೇಳಿ, ಕೊಡ್ತೀನಿ. ಆ ಹೆಸರು ನನಗೆ ವಾಪಸ್ ಬೇಕಿತ್ತು."

ತಿರುಪುಮೊಳೆಗಳ ಸದ್ದು ನಿಂತಿತು. ವಾರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೊತ್ತಿಗೆ ಅವರ ನಡುವೆ ಜಗಳದ ಗುರುತೇ ಇರಲಿಲ್ಲ.

"ಬಾಲದ ಯಜಮಾನ್ರು ಅಂದ್ರೆ, ನಮ್ಮನ್ನ ಕೇಳದೇನೇ ತಗೋಬಹುದಲ್ಲ ನೀವು?" ದೊಡ್ಡವಳು ಕೇಳಿದಳು.

"ತಗೋಬಹುದು."

"ಮತ್ಯಾಕೆ ಇಷ್ಟು ದೂರ ಬಂದ್ರಿ?"

"ತಗೊಳ್ಳಲ್ಲ, ಅದಕ್ಕೇ ಬಂದೆ."

ದೊಡ್ಡವಳು ಸೆರಗಿನಿಂದ ಕೈ ಒರೆಸಿಕೊಂಡು, "ಹಾಗಾದ್ರೆ ನಾವು ಕೊಡಲ್ಲ ಕಣಮ್ಮ," ಎಂದಳು. ಮಾತಿನಲ್ಲಿ ಒರಟುತನವಿರಲಿಲ್ಲ. "ದುಡ್ಡಿಗಲ್ಲ. ಈ ಒಂದು ಹೆಸರಿಗೆ ನಾವಿಬ್ಬರೂ ಹೂಂ ಅಂದಿದ್ದು. ಇನ್ನೊಂದಕ್ಕೆ ಹೂಂ ಅನ್ನೋಕೆ ನಮಗೆ ಈ ಜನ್ಮ ಸಾಲದು."

ಒಡತಿ ಎದ್ದಳು. "ನಿಮ್ಮ ಹೆಸರು ನಿಮ್ಮದೇ. ವರ್ಷ ವರ್ಷ ನವೀಕರಿಸೋದು ಮಾತ್ರ ಮರೀಬೇಡಿ."

"ನಿಮ್ಮಷ್ಟು ಮರೆವು ನಮಗಿಲ್ಲ ಬಿಡಿ," ಎಂದಳು ಸಣ್ಣವಳು, ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಮಧ್ಯಾಹ್ನ ಬಂಡವಾಳದ ಹಿರಿಯರು ಹೇಳಿದ ವೇಳೆಗೆ ಸರಿಯಾಗಿ ಬಂದರು. ಹತ್ತಾರು ಬಾಲಗಳ ಮೇಲೆ ಅವರ ಕಂಪನಿ ಹಣ ಹಾಕಿತ್ತು. ಅವರ ನಡಿಗೆಯಲ್ಲೇ ಅದು ಗೊತ್ತಾಗುತ್ತಿತ್ತು. ಭಾವ ಕಾಫಿಯನ್ನು ಬರಹವಿಲ್ಲದ ಲೋಟಗಳಲ್ಲಿ ತರಿಸಿದ್ದರು. ಪರದೆಯ ಮೇಲೆ ಬೇರೆ ಯಾವುದಾದರೂ ಅಂಗಡಿಯ ಪುಟ ತೋರಿಸೋಣವೆಂದು ಅವಳ ಕಿವಿಯಲ್ಲಿ ಗೋಗರೆದಿದ್ದರು. ಒಡತಿ ಮಾತ್ರ ಹಿರಿಯರ ಎದುರಿಗೇ ನಮ್ಮ.ಅಂಗಡಿ ಎಂದು ಟೈಪ್ ಮಾಡಿದಳು. ಬಣ್ಣದ ಡಬ್ಬಗಳು ಬಂದವು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಮೌನಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಹಿರಿಯರು ಜೋರಾಗಿ ನಕ್ಕರು. ನಗು ಮುಗಿದ ಮೇಲೆ ಹೇಳಿದರು, "ಮರೆವು ಎಲ್ಲರಿಗೂ ಇರುತ್ತೆ, ಅದು ದೊಡ್ಡ ವಿಷಯ ಅಲ್ಲ. ವಾಪಸ್ ಯಾಕೆ ತಗೊಳ್ಳಲಿಲ್ಲ ಅನ್ನೋದು ನನ್ನ ಪ್ರಶ್ನೆ. ನಮ್ಮ ಹಣ ಇರೋ ಎಲ್ಲಾ ಕಡೆ ಒಂದು ಷರತ್ತಿದೆ. ಬೇಕಾದಾಗ ಬೇಕಾದ ಹೆಸರನ್ನ ಕಂಪನಿ ಹಿಂದಕ್ಕೆ ತಗೋಬಹುದು. ಇಲ್ಲೂ ಅದು ಬೇಕು. ಬೇರೆ ಯಾವುದಕ್ಕೂ ನಾನು ಹಟ ಮಾಡಲ್ಲ."

ಭಾವ ಮೇಜಿನ ಕೆಳಗೆ ತಮ್ಮ ಕೈ ಹಿಸುಕಿಕೊಳ್ಳುತ್ತಿದ್ದರು. 'ಕೈಕೆಲಸ' ಎಂಬ ಪದ ಒಡತಿಯ ಕಣ್ಣ ಮುಂದೆ ಒಮ್ಮೆ ಬಂದು ನಿಂತಿತು. ಬುಟ್ಟಿ ಹೆಣೆಯುವವರು, ಕಸೂತಿಯವರು, ಮರ ಕೆತ್ತುವವರು, ಅವರಿಗೆಲ್ಲ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಹೆಸರುಗಳು. ಅವಳಿಗೆ ನಿಜವಾಗಿಯೂ ಅಳು ಬರುವಂತಾಯಿತು. ಆದರೂ ಹಿರಿಯರತ್ತ ತಿರುಗಿದಳು.

"ಬೆಳಿಗ್ಗೆ ಒಂದು ಅಂಗಡೀಲಿ ಬೋರ್ಡಿನ ಬಣ್ಣ ಒಣಗ್ತಾ ಇತ್ತು ಸಾರ್. ನಾನು ಯಾವಾಗ ಬೇಕಾದ್ರೂ ಕಿತ್ಕೋತೀನಿ ಅಂದ್ರೆ ಯಾರು ಬೋರ್ಡ್ ಬರೆಸ್ತಾರೆ? ಆ ಷರತ್ತಿಗೆ ನಾನು ಸಹಿ ಹಾಕಲ್ಲ."

ಹಿರಿಯರು ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಎದ್ದು ಕೋಟು ಸರಿಮಾಡಿಕೊಂಡರು. "ನಿಮ್ಮನ್ನ ಮೆಚ್ಚಿದೆ ಅಮ್ಮ. ಆದ್ರೆ ಮೆಚ್ಚಿದ್ದಕ್ಕೆಲ್ಲ ನಾನು ಹಣ ಹಾಕಲ್ಲ," ಎಂದು ಎಲ್ಲರ ಕೈ ಕುಲುಕಿ ಹೊರಟುಹೋದರು.

ಅವರ ಕಾರಿನ ಸದ್ದು ದೂರವಾದ ಮೇಲೆ ಭಾವ ಪರದೆ ಆರಿಸಿದರು, ಕುರ್ಚಿಗಳನ್ನು ಒಳಗೆ ತಳ್ಳಿದರು, ಮುಖ ಊದಿಸಿಕೊಂಡು ಕಿಟಕಿಯ ಬಳಿ ನಿಂತರು.

"ಎರಡನೇ ಪದ ಹೋಯ್ತು ಭಾವ," ಎಂದಳು ಒಡತಿ. "ಮೊದಲನೇದು ಗಟ್ಟಿಯಾಗಿದೆ. ಅದನ್ನೇ ನಡೆಸೋಣ. ಇನ್ನೊಂದು ಕಾಲಕ್ಕೆ ಇನ್ನೊಂದು."

"ನಿನಗೆ ಹೇಳೋರು ಯಾರು."

"ಗೋಡೆ ಮೇಲಿನ ಹೆಸರು ಅಳಿಸಬೇಕು. ಬಿಳಿ ಬಣ್ಣ ತರಬೇಕು, ಬನ್ನಿ. ಕಾರು ನೀವೇ ಓಡಿಸಿ, ನನಗೆ ಸಾಕಾಗಿದೆ."

ರೈಲು ನಿಲ್ದಾಣದ ಹಿಂದೆ ತಿರುಗಿಸಿ ಎಂದಾಗ ಭಾವ ಅವಳನ್ನು ದುರುಗುಟ್ಟಿ ನೋಡಿದರು. ಇಳಿಬಿಸಿಲು ರಸ್ತೆಯ ಒಂದು ಬದಿಗೆ ಬಿದ್ದಿತ್ತು. ಅಂಗಡಿಯ ಮುಂದೆ ಏಣಿ ಹಾಕಿ ಸಣ್ಣವಳು ಮೇಲೆ ಹತ್ತಿದ್ದಳು, ಬೋರ್ಡಿನ ಒಂದು ಬದಿ ಕೊಕ್ಕೆಗೆ ಸಿಕ್ಕಿತ್ತು, ಇನ್ನೊಂದು ಬದಿಯನ್ನು ಅವಳು ಕೈಯಲ್ಲಿ ಹಿಡಿದಿದ್ದಳು. ದೊಡ್ಡವಳು ಕೆಳಗೆ ಏಣಿ ಹಿಡಿದು 'ಮೇಲೆ' ಎನ್ನುತ್ತಿದ್ದಳು, ಸಣ್ಣವಳು 'ಸಾಕು' ಎನ್ನುತ್ತಿದ್ದಳು. ಏಣಿ ಅಲುಗಾಡುತ್ತಿತ್ತು.

"ಬೆಳಿಗ್ಗೆ ಬಂದಿದ್ದ ಅಮ್ಮ!" ದೊಡ್ಡವಳು ಒಡತಿಯನ್ನು ಕಂಡು ಕೂಗಿದಳು. ಒಂದು ಕ್ಷಣ ಅವಳ ಮುಖ ಸಪ್ಪಗಾಯಿತು. "ಮತ್ತೆ ಹೆಸರಿಗೆ ಬಂದ್ರಾ?"

"ಇಲ್ಲ. ಒಂದು ಡಬ್ಬ ಬಿಳಿ ಬಣ್ಣಕ್ಕೆ ಬಂದೆ. ನಾಳೆ ಬನ್ನಿ ಅಂತೀರೇನೋ."

ದೊಡ್ಡವಳು ಒಳಗೆ ಓಡಿದಳು. ಆಸರೆ ತಪ್ಪಿದ ಏಣಿ ಇನ್ನಷ್ಟು ಅಲುಗಿತು. ಕಾರಿನ ಬಾಗಿಲು ದಢಾರನೆ ಹಾಕಿದ ಸದ್ದಾಯಿತು. ಭಾವ ರಸ್ತೆ ದಾಟಿ ಬಂದು ಎರಡೂ ಕೈಯಿಂದ ಏಣಿಯನ್ನು ಹಿಡಿದು ಒತ್ತಿ ನಿಲ್ಲಿಸಿದರು. ಮೇಲೆ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಬಲಗಡೆ ಇಳಿದಿದೆ ಕಣಮ್ಮ," ಎಂದರು. "ಒಂದು ಬೆರಳಷ್ಟು ಎತ್ತು. ಇನ್ನೂ ಸ್ವಲ್ಪ. ಹಾಂ, ಹಾಗೇ ಹಿಡ್ಕೊ."