ಕುಂಟುಕೋಳಿಯ ಹೊಸ ಬಾಗಿಲು

ಪರದೆಯ ಮೇಲೆ ಕೋಳಿ ಕುಂಟುತ್ತಾ ಬಂದದ್ದೇ ತಡ, ಅಕ್ಕನ ಎದೆ ಧಸಕ್ಕೆಂದಿತು. ಅಯ್ಯೋ, ಈ ಪಾಪಿ ತಮ್ಮ ಇದನ್ನೇ ತಂದುಬಿಟ್ಟನಲ್ಲ!

ಆಟಗಳನ್ನು ಆಡಿ ಅವುಗಳಲ್ಲಿ ತಪ್ಪು ಹುಡುಕುವುದು ಕಂಪ್ಯೂಟರ್ ಆಟ ಕಟ್ಟುವ ಒಂದು ಕಂಪನಿಯಲ್ಲಿ ಅಕ್ಕನ ಕೆಲಸ. ಇವತ್ತು ಅಲ್ಲಿ ಗೇಮ್ ಜಾಮ್ ಸ್ಪರ್ಧೆಯ ಕೊನೆಯ ದಿನ. ಶುಕ್ರವಾರ ಸಂಜೆ ಒಂದು ವಿಷಯ ಕೊಡುತ್ತಾರೆ. ಭಾನುವಾರ ಮಧ್ಯಾಹ್ನದೊಳಗೆ ಅದರ ಮೇಲೊಂದು ಆಟ ಕಟ್ಟಬೇಕು. ಎಲ್ಲವನ್ನೂ ಇಲ್ಲೇ ಕೂತು ಹೊಸದಾಗಿ ಮಾಡಬೇಕು, ಹಳೆಯದನ್ನು ತರುವಂತಿಲ್ಲ. ಗೆದ್ದವರಿಗೆ ಇದೇ ಕಂಪನಿಯಲ್ಲಿ ಕೆಲಸ. ತೀರ್ಪುಗಾರರು ಬೇರೆ ಇದ್ದರು. ಎಲ್ಲರೆದುರು ಆಡಿ ತೋರಿಸುವುದಷ್ಟೇ ಅಕ್ಕನ ಪಾಲಿನದು. ಅವಳ ತಮ್ಮನೂ ಸ್ಪರ್ಧೆಯಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು.

ಈ ಸಲದ ವಿಷಯ ಬಾಗಿಲು. ತಮ್ಮ ಮಹಾರಾಯ ಮಾಡಿದ್ದಾದರೂ ಏನು? ಹೋದ ವರ್ಷ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಾಗ, ಅವಳನ್ನು ರೇಗಿಸಲೆಂದೇ ಕಟ್ಟಿದ್ದ ಕುಂಟುಕೋಳಿ ಆಟಕ್ಕೆ ಅಲ್ಲೊಂದು ಇಲ್ಲೊಂದು ಬಾಗಿಲು ಅಂಟಿಸಿದ್ದ. ಕೋಳಿ ಅದೇ, ಅದು ಹಾರಿ ದಾಟುವ ಮನೆಗಳ ಮಾಡುಗಳೂ ಅವೇ. ಹಾಸಿಗೆ ಮೇಲೆ ಬಿದ್ದುಕೊಂಡು ಅಕ್ಕ ಅದನ್ನು ಎಷ್ಟು ಸಲ ಆಡಿದ್ದಳೋ ಲೆಕ್ಕವಿಲ್ಲ.

ಈಗ ಬಾಯಿ ಬಿಟ್ಟರೆ ತಮ್ಮನ ಹೊಟ್ಟೆಯ ಮೇಲೆ ತಾನೇ ಹೊಡೆದಂತೆ. ಓದು ಮುಗಿಸಿ ಮನೆಯಲ್ಲೇ ಕೂತಿದ್ದಾನೆ; ಊಟಕ್ಕೆ ಕೂತಾಗಲೆಲ್ಲ "ಎಲ್ಲಾದ್ರೂ ಕೆಲ್ಸ ಆಯ್ತೇನೋ?" ಅಂತ ಅಮ್ಮ ಕೇಳುತ್ತಾಳೆ, ಇವನು ತಟ್ಟೆ ನೋಡುತ್ತಾನೆ. ಬಾಯಿ ಮುಚ್ಚಿಕೊಂಡಿರೋಣವೆಂದರೆ, ಮುಂದಿನ ಸಾಲಿನಲ್ಲಿ ಸ್ಪರ್ಧೆಯ ಇನ್ನೊಬ್ಬಳು, ಕನ್ನಡಕದ ಹುಡುಗಿ. ಶನಿವಾರ ಅವಳ ಕಂಪ್ಯೂಟರ್ ಕೈಕೊಟ್ಟಿತ್ತು. ಅಳುತ್ತಲೇ ಮತ್ತೆ ಮೊದಲಿನಿಂದ ಶುರು ಮಾಡಿದ್ದಳು. ಅವಳ ಕಣ್ಣು ಇನ್ನೂ ಕೆಂಪಾಗಿಯೇ ಇತ್ತು. ಅಕ್ಕನಿಗೆ ಅವಳತ್ತ ನೋಡಲು ಆಗಲಿಲ್ಲ.

ಕೋಳಿ ನೀರಿನ ಟ್ಯಾಂಕಿನ ಹತ್ತಿರ ಬಂತು. ಅಲ್ಲಿ ಹಿಂದುಗಡೆ, ಎಡಕ್ಕೆ, ಕಣ್ಣಿಗೆ ಕಾಣದ ಒಂದು ಸಂದಿ. ಅಕ್ಕನ ಹೆಬ್ಬೆರಳು ತಾನಾಗಿಯೇ ಎಡದ ಗುಂಡಿಗೆ ಹೋಯಿತು. ಅಬ್ಬಾ! ಮೊದಲ ಸಲ ಆಡುವವಳಿಗೆ ಇದು ಗೊತ್ತಾಗುವುದಾದರೂ ಹೇಗೆ? ಬೆರಳನ್ನು ಹಿಂದಕ್ಕೆಳೆದು ಬಲಕ್ಕೆ ಹಾರಿದಳು. ಕೋಳಿ ದೊಪ್ಪೆಂದು ಬಿತ್ತು. ಮತ್ತೆ ಹಾರಿದಳು, ಮತ್ತೆ ಬಿತ್ತು. ಅಂಗೈ ಬೆವರಿ ಆಟದ ರಿಮೋಟು ಜಾರತೊಡಗಿತು.

"ಏನಮ್ಮಾ, ಇವತ್ತು ಕೈಯೇ ಓಡ್ತಿಲ್ವಲ್ಲ?" ಅಂದರು ಗಡ್ಡದ ಸಾಹೇಬರು. ಕಂಪನಿಗೂ ತೀರ್ಪುಗಾರರಿಗೂ ಅವರೇ ಹಿರಿಯರು.

"ಹೊಸ ಆಟ ಅಲ್ವಾ ಸರ್..." ಅಂದಳು ಅಕ್ಕ. ಸುಳ್ಳು ಹೇಳಿಯೂ ಆಯಿತು.

ಕೋಳಿ ಇನ್ನೊಮ್ಮೆ ಬಿತ್ತು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಪೆನ್ನು ತೆಗೆದರು. "ಪಾಪ, ನಿಮ್ಮ ತಪ್ಪಲ್ಲ ಬಿಡಿ. ಕಟ್ಟಿರೋದೇ ಸರಿಯಿಲ್ಲ, ಮುಂದಕ್ಕೆ ಹೋಗೋಕೆ ದಾರಿನೇ ಇಟ್ಟಿಲ್ಲ ಈ ಹುಡುಗ."

ತಮ್ಮನಿಗೆ ಏನು ಬೇಕಾದರೂ ಅನ್ನಿ, ಸಹಿಸಿಕೊಳ್ಳುತ್ತಾನೆ. ಆದರೆ ಅವನ ಕೋಳಿಗೆ ಅಂದರೆ ಮಾತ್ರ ಮೈ ಉರಿದುಹೋಗುತ್ತದೆ. ಹಿಂದಿನ ಸಾಲಿನಿಂದ ಎದ್ದೇಬಿಟ್ಟ.

"ದಾರಿ ಇದೆ ಸರ್! ಅಕ್ಕಾ, ಏನಾಗಿದೆ ನಿಂಗೆ? ಟ್ಯಾಂಕ್ ಹಿಂದೆ ಎಡಕ್ಕೆ ಹಾರೇ! ಕಾಲು ಮುರ್ಕೊಂಡು ಮಲಗಿದ್ದಾಗ ಕಣ್ಮುಚ್ಕೊಂಡು ಹಾರ್ತಿದ್ದೆಯಲ್ಲ!"

ಎಲ್ಲರೂ ತಮ್ಮನತ್ತ ತಿರುಗಿದರು. ಹೇಳಿದ್ದೇನೆಂದು ಅವನಿಗೇ ಹೊಳೆದಾಗ ತಮ್ಮನ ಮುಖ ಬಿಳಿಚಿಕೊಂಡಿತು.

"ನಿಮ್ಮ ಕಾಲು ಮುರಿದಿದ್ದು ಹೋದ ವರ್ಷ ಅಲ್ವೇನಮ್ಮಾ?" ಸಾಹೇಬರು ಮೆಲ್ಲಗೆ ಕೇಳಿದರು. "ರಜೆ ಕೊಟ್ಟಿದ್ದು ನಾನೇ."

"ಹೌದು ಸರ್. ಹೊಸದು ಅಂತ ನಾನು ಸುಳ್ಳು ಹೇಳಿದೆ."

ಸಾಹೇಬರು ತಮ್ಮನತ್ತ ತಿರುಗಿದರು. "ಆಟ ಚೆನ್ನಾಗಿದೆ ಕಣಪ್ಪಾ. ಆದ್ರೆ ಇಲ್ಲಿ ಕೂತು ಕಟ್ಟಿದ್ದಲ್ಲ. ಸ್ಪರ್ಧೆಯಿಂದ ತೆಗೀಬೇಕು."

ತಮ್ಮ ಮುಂದೆ ಬಂದು ತನ್ನ ಕಂಪ್ಯೂಟರಿನ ತಂತಿ ಬಿಚ್ಚಿಕೊಳ್ಳತೊಡಗಿದ. ಅಕ್ಕನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಬೇಕೂಂತ್ಲೇ ಬೀಳ್ತಿದ್ದೆಯಾ?"

"ಮತ್ತಿನ್ನೇನು? ನಿನಗೋಸ್ಕರ ಬಿದ್ದೆ ಕಣೋ, ಪೆದ್ದ."

ಅವನ ಕಣ್ಣು ತುಂಬಿಕೊಂಡಿತು. ಮನೆಗೆ ಹೋಗಿ ಅಮ್ಮನಿಗೆ ಏನು ಹೇಳುವುದು? ಅಕ್ಕ ಸೆರಗಿಗೆ ಅಂಗೈ ಒರೆಸಿಕೊಂಡು ಕನ್ನಡಕದ ಹುಡುಗಿಯ ಆಟ ಹಾಕಿದಳು. ಪರದೆಯ ಮೇಲೆ ಒಂದೇ ಒಂದು ಬಾಗಿಲು. ಅದನ್ನು ತೆರೆಯುವುದು ಹೇಗೆಂದು ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.