ವಾರ್ತೆಯ ಗಡಿಯಾರ ಪಂಚಾಯ್ತಿಗೆ ಹೋದದ್ದು

ಟಿಕ್, ಟಿಕ್, ಟಿಕ್. ಊರೆಲ್ಲ ಮಲಗಿದ ಮೇಲೆ ಗೂಟಕ್ಕೆ ತೂಗುಹಾಕಿದ ಬಟ್ಟೆಚೀಲದಿಂದ ಆ ಸದ್ದು ಬರುತ್ತಿತ್ತು. ಹಗಲಿನಲ್ಲಾದರೆ ಕಿವಿಗೇ ಬೀಳದಷ್ಟು ಸಣ್ಣ ಸದ್ದು. ದೇವಕಮ್ಮ ಮಗ್ಗುಲು ಬದಲಿಸಿ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಸದ್ದು ಕೌದಿಯೊಳಗೂ ಬಂತು. ಚೀಲದಲ್ಲಿದ್ದದ್ದು ಒಂದು ಗೋಡೆ ಗಡಿಯಾರ. ಬೆಳಗಾದರೆ ಅದನ್ನು ಊರ ಪಂಚಾಯ್ತಿಯ ಮುಂದೆ ಹಾಜರು ಮಾಡಬೇಕಿತ್ತು. ಸಾಕ್ಷಿಗೆ ಕರೆದದ್ದು ಅದನ್ನೇ. ಅವಳನ್ನು ಅದರ ಜೊತೆಗೆ ಬರಲು ಹೇಳಿದ್ದರು, ಅಷ್ಟೆ.

ಕರೇಹಳ್ಳ ಶಹಾಪುರದ ಮಗ್ಗುಲಿನ ಊರು. ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಗದ್ದೆಯಾದವು. ದಂಡೆಯಗುಂಟ ಕರೆಂಟಿನ ಕಂಬ ಬಂದವು. ಕಂಬದಿಂದ ಕಂಬಕ್ಕೆ ಜಿಗಿಯುತ್ತ ದೇವಿಂದ್ರಪ್ಪನ ಕೇಬಲ್ ತಂತಿಯೂ ಬಂತು. ದೇವಿಂದ್ರಪ್ಪನಿಗೆ ಶಹಾಪುರದಲ್ಲಿ ಗೊಬ್ಬರದ ಅಂಗಡಿ. ತಂತಿಯಲ್ಲಿ ಸಿನಿಮಾ ಹರಿಸುವುದಷ್ಟೇ ಅವನ ಕೆಲಸವಾಗಿತ್ತು. ಒಮ್ಮೆ ಹೈದರಾಬಾದಿಗೆ ಹೋದಾಗ ಯಾರನ್ನೋ ಹಿಡಿದು ದೊಡ್ಡ ಚಾನೆಲ್ಲಿನ ಸ್ಟುಡಿಯೋ ನೋಡಿ ಬಂದ. ಬಂದ ಮೇಲೆ ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಅಂಗಡಿಯ ಹಿಂದಿನ ಗೋದಾಮಿನಿಂದ ಯೂರಿಯಾ ಚೀಲ ಹೊರಗೆ ಹಾಕಿಸಿದ. ಖಾಲಿ ಚೀಲಗಳನ್ನು ಮಾತ್ರ ಬಿಸಾಡದೆ, ದನಿ ಗುಂಯ್ ಅನ್ನಬಾರದೆಂದು ಗೋಡೆಗೆ ಹೊಡೆಸಿದ. 'ನಮ್ಮೂರ ವಾರ್ತೆ' ಶುರುವಾಯಿತು. ಓದಲು ಬಿ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದ, ಮರಿಲಿಂಗಪ್ಪನ ಮಗಳು ದೇವಕಮ್ಮ ಸಿಕ್ಕಳು. ಟಿವಿಯಲ್ಲಿ ಅವಳು ಬರೀ ದೇವಕಿ. "ಅಮ್ಮ ಅಂದ್ರ ಪಡದೆ ಮ್ಯಾಲ ವಯಸ್ಸು ಕಾಣ್ತದ" ಎಂದು ದೇವಿಂದ್ರಪ್ಪನ ಅಭಿಪ್ರಾಯ.

ಅಭಿಪ್ರಾಯಕ್ಕೇನೂ ಬರವಿರಲಿಲ್ಲ. ಹಿಂದಿನ ಗೋಡೆಗೆ ಚಿತ್ರ ಬರೆಯಲು ಸುರಪುರದಿಂದ ರಂಗಣ್ಣ ಬಂದ. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟವನ್ನು ಬರೆದು, ಅಂಚಿಗೆಲ್ಲ ಬಂಗಾರದ ಬಣ್ಣ ಹಚ್ಚಿದ. ಬೇಡವೆಂದರೆ, "ಬಂಗಾರ ಇಲ್ಲದ ಚಿತ್ರ ಸುರಪುರದಾಗ ನಾವು ಮಕ್ಕಳ ಕೈಗೂ ಕೊಡಂಗಿಲ್ರಿ" ಅಂದ. ದೀಪ ಹಾಕಿದಾಗ ಬಂಗಾರ ಹೊಳೆದು ದೇವಕಮ್ಮನ ತಲೆಯ ಸುತ್ತ ಪ್ರಭಾವಳಿ ಎದ್ದಿತು. ಮೊದಲ ವಾರ ಬಂದ ಫೋನೆಲ್ಲ ವಾರ್ತೆಯ ಬಗ್ಗೆ ಅಲ್ಲ, ಗೋಡೆಯ ಬಗ್ಗೆ.

"ಅಕ್ಕಾರ, ಸ್ವಲ್ಪ ಸರದು ಕುಂದರ್ರಿ. ಬುದ್ಧನ ಮೂಗು ಕಾಣವಲ್ದು."

"ಊರಾಗ ಇಷ್ಟೆಲ್ಲಾ ನಡದದ ಅಂತ ನೀವು ಓದ್ತೀರಿ, ಹಿಂದ ಆತ ಆರಾಮ ಮಲಗ್ಯಾನಲ್ರಿ!"

ಮನೆಯಲ್ಲಿ ಬುದ್ಧನ ಪಟಕ್ಕೆ ದಿನಾ ಹೂವಿಡುವ ಮರಿಲಿಂಗಪ್ಪ ಇದನ್ನು ಕೇಳಿ ನಕ್ಕ. "ಆತ ಮಲಗಲಿ ಬಿಡವ್ವ. ನೀ ಎಚ್ಚರ ಇದ್ರ ಸಾಕು."

ದೇವಕಮ್ಮ ಬೇಕಾದ್ದಕ್ಕಿಂತ ಹೆಚ್ಚೇ ಎಚ್ಚರ ಇರುವವಳು. ದೊಡ್ಡ ಚಾನೆಲ್ಲುಗಳನ್ನು ಕಣ್ಣು ಕೀಲಿಸಿ ನೋಡಿ ಅವಳೂ ತನ್ನ ಅಭಿಪ್ರಾಯ ಕಟ್ಟಿಕೊಂಡಿದ್ದಳು. ಓದುವವಳಿಗಿಂತ ಅವಳ ಹಿಂದಿನ ಗೋಡೆ ಹೆಚ್ಚು ಮಾತಾಡಬಾರದು. ಮೇಜಿನ ಮೇಲಿನ ಪ್ಲಾಸ್ಟಿಕ್ ಹೂವು ತೆಗೆಯಬೇಕು. ಗೋಡೆಗೆ ತಿಳಿ ನೀಲಿ ಪರದೆ ಸಾಕು; ಇರಲೇಬೇಕೆಂದರೆ ಒಂದು ಗಡಿಯಾರ ಇರಲಿ, ವಾರ್ತೆಗೂ ಹೊತ್ತಿಗೂ ನಂಟು. ದೇವಿಂದ್ರಪ್ಪ ತಲೆದೂಗಿ ಎಲ್ಲ ಕೇಳಿಸಿಕೊಂಡ. ಹೂವು ಉಳಿಯಿತು, ಬಂಗಾರ ಉಳಿಯಿತು, ಬುದ್ಧನ ಪಾದದ ಮೇಲೆ ಒಂದು ಗಡಿಯಾರ ಹೆಚ್ಚಾಗಿ ಬಂತು.

ವಾರ್ತೆ ಸಂಜೆ ಏಳಕ್ಕೆ. ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ನೇರ ಪ್ರಸಾರ' ಅಂತ ಬರುತ್ತಿತ್ತು. ಆದರೆ ಸಂಜೆಯ ಕರೆಂಟನ್ನು ನಂಬುವವರು ಯಾರು? ಮಧ್ಯಾಹ್ನ ನಾಲ್ಕಕ್ಕೇ ಫ್ಯಾನು ಆರಿಸಿ, ಬೆವರು ಒರೆಸಿ, ಎಲ್ಲವನ್ನೂ ಟೇಪಿನಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ಮುಂಚೆ ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಏಳಕ್ಕೆ ತಿರುಗಿಸುವುದು ದೇವಕಮ್ಮನ ಕೆಲಸ. ಏಳು ಹೊಡೆಯುವಾಗ ದೇವಿಂದ್ರಪ್ಪ ಟೇಪು ಹಾಕಿದರೆ ಎಲ್ಲವೂ ಸರಿ.

"ಈ ಮಾತು ಹೊರಗ ಬಿತ್ತೋ, ನಮ್ಮ ಇಜ್ಜತ್ ಹೋತು. ಆಮ್ಯಾಲ ನಿನಗೂ ಕೆಲಸಿಲ್ಲ, ನನಗೂ ತೋರ್ಸಾಕ ಮಾರಿ ಇಲ್ಲ" ಎಂದು ಅವನು ಮೊದಲ ದಿನವೇ ಹೇಳಿದ್ದ.

ಹೀಗಾಗಿ ದೇವಕಮ್ಮನ ಸಂಜೆಗಳು ಕಳ್ಳಿಯ ಸಂಜೆಗಳಾದವು. ಐದೂವರೆಯ ಬಸ್ಸಿಗೆ ಊರಿಗೆ ಬಂದು, ಸೆರಗು ತಲೆಗೆ ಹೊದ್ದು ಹಿತ್ತಲ ಬಾಗಿಲಿನಿಂದ ಮನೆ ಸೇರುವಳು. ವಾರ್ತೆ ಮುಗಿಯುವವರೆಗೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಓಣಿಯ ಐದಾರು ಮನೆಯಿಂದ ಅವಳದೇ ದನಿ "ನಮಸ್ಕಾರ, ವಾರ್ತೆಗಳಿಗೆ ಸ್ವಾಗತ" ಅನ್ನುತ್ತಿರಲು, ಅವಳು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವಳು. ತಾಯಿ ಬಸ್ಸಮ್ಮನಿಗೆ ರಟ್ಟೆ ನೋವು. ರೊಟ್ಟಿ ಯಾರು ಬಡಿದರೇನು, ಸದ್ದು ಸದ್ದೇ ತಾನೆ ಎಂದು ದೇವಕಮ್ಮ ಧೈರ್ಯ ತಂದುಕೊಂಡಿದ್ದಳು.

ಹಿಂದಿನ ಮಂಗಳವಾರ ದೇವಿಂದ್ರಪ್ಪ ಹಾಕಿದ ಸಿನಿಮಾದಲ್ಲಿ ಕಡೆಯ ಹೊಡೆದಾಟ ಮುಗಿದಿರಲಿಲ್ಲ. ನಡುವೆ ನಿಲ್ಲಿಸಿದರೆ ಜನ ಅಂಗಡಿಗೇ ಬಂದಾರೆಂದು ಅವನು ವಾರ್ತೆಯನ್ನು ಹೆಚ್ಚುಕಡಿಮೆ ಅರ್ಧ ತಾಸು ತಡ ಮಾಡಿದ. ಟೇಪಿನ ಗಡಿಯಾರಕ್ಕೇನು ಗೊತ್ತು? ಅದು ತನ್ನ ಪಾಡಿಗೆ ಏಳು ತೋರಿಸಿತು.

ಅಂಬ್ರಪ್ಪ ನೋಡುತ್ತಿದ್ದದ್ದು ಆ ಗಡಿಯಾರವನ್ನೇ. ಅವನ ಗದ್ದೆಗೆ ಕಾಲುವೆ ನೀರಿನ ಪಾಳಿ ಏಳೂವರೆವರೆಗೆ. ಆಮೇಲೆ ಪಕ್ಕದ ಲಾಲಮ್ಮನ ಗದ್ದೆಗೆ ತಿರುಗಿಸಬೇಕು. ಅವನು ದಿನಾ ದಂಡೆಯ ಚಹಾದಂಗಡಿಗೆ ಬಂದು, ಕಿಟಕಿಯಲ್ಲಿ ಇಣುಕಿ, ಟಿವಿಯಲ್ಲಿ ದೇವಕಿಯ ಹಿಂದೆ ಏಳೂವರೆ ಆದದ್ದು ನೋಡಿ ಹೋಗಿ ನೀರು ಬಿಟ್ಟುಕೊಡುತ್ತಿದ್ದ. ಆ ದಿನವೂ ಹಾಗೇ ಮಾಡಿದ. ಲಾಲಮ್ಮನ ಲೆಕ್ಕ ಬೇರೆ. ದಿನಾ ಏಳೂವರೆಗೆ ಬರುವ ಸುರಪುರದ ಬಸ್ಸು ಸೇತುವೆ ದಾಟಿ ಹೋಗಿ ಎಷ್ಟೋ ಹೊತ್ತಾದರೂ ತನ್ನ ಬದುವಿಗೆ ನೀರು ಬಾರದ್ದನ್ನು ಕಂಡು ಅವಳು ಕಾಲುವೆಯ ಮೇಲೇ ನಿಂತು ಅಂಬ್ರಪ್ಪನಿಗೆ ನೀರುಗಳ್ಳ ಎಂದಳು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂಬ್ರಪ್ಪ ಮೂರು ದಿನ ಜನ ಕೂಡುವ ಬೇವಿನ ಕಟ್ಟೆಯ ಕಡೆ ಸುಳಿಯಲಿಲ್ಲ. ಹಿರಿಯರಾದ ಮಹಾದೇವಪ್ಪ ಮಾಸ್ತರು, "ಗಡಿಯಾರ ತರಿಸ್ರಿ, ಖರೇ ಯಾವುದು ಸುಳ್ಳ ಯಾವುದು ಅದೇ ಹೇಳ್ತದ" ಎಂದು ಬಿಟ್ಟರು. ಪುಕ್ಕಟೆ ಪ್ರಚಾರವೆಂದು ದೇವಿಂದ್ರಪ್ಪ ಕುಣಿದು ಒಪ್ಪಿ, ಅದನ್ನು ಗೋಡೆಯಿಂದ ಇಳಿಸಿ, ಸರಿ ಹೊತ್ತಿಗೆ ತಿರುಗಿಸಿ, ದೇವಕಮ್ಮನ ಚೀಲಕ್ಕೆ ಹಾಕಿದ.

ಈಗ ಅದು ಗೂಟದಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ದೇವಕಮ್ಮನಿಗೆ ಗೊತ್ತಿತ್ತು: ಗಡಿಯಾರದ ತಪ್ಪಿಲ್ಲ. ನಾಳೆ ಅದು ಸರಿಯಾದ ಹೊತ್ತನ್ನೇ ತೋರಿಸುತ್ತದೆ, ತೋರಿಸಿದ ಕೂಡಲೇ ಅಂಬ್ರಪ್ಪ ಕಳ್ಳನಾಗುತ್ತಾನೆ. ಅವಳು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅದೂ ಹೋಗಲಿ, ಇಷ್ಟು ದಿನ ಅಕ್ಷರ ಅಕ್ಷರ ತೂಗಿ ಓದಿದ ಬಾಯಿಯನ್ನು ನಾಳೆಯಿಂದ ಯಾರು ನಂಬುತ್ತಾರೆ?

ಎದ್ದು ಕೂತಳು. ಗೋಡೆಯ ಮಾಡದಲ್ಲಿ ಬ್ಯಾಟರಿ ದೀಪ ಇತ್ತು. ಅದರೊಳಗಿನ ಸೆಲ್ಲು ಸತ್ತೂ ಸಾಯದಂತಿತ್ತು. ಅದನ್ನು ಗಡಿಯಾರಕ್ಕೆ ಹಾಕಿದರೆ ಮುಳ್ಳು ಕುಂಟುತ್ತದೆ, ಗಡಿಯಾರವೇ ಹಿಂದಿದೆ ಅಂತಾಗುತ್ತದೆ, ಅಂಬ್ರಪ್ಪ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಸೆಲ್ಲು ಕೈಗೆ ತೆಗೆದುಕೊಂಡಳು. ದಿನಾ ಮಧ್ಯಾಹ್ನ ತಾನೇ ಕೈಯಾರೆ ಸುಳ್ಳು ಹೇಳಿಸಿದ ಗಡಿಯಾರ ಅದು. ಇವತ್ತು ಒಂದು ರಾತ್ರಿ ಖರೇ ಹೇಳುತ್ತಿತ್ತು. ಸೆಲ್ಲನ್ನು ಮತ್ತೆ ಬ್ಯಾಟರಿಯೊಳಗೆ ತುರುಕಿ ಬಂದು ಮಲಗಿದಳು. ನಿದ್ದೆಯಂತೂ ಬರಲಿಲ್ಲ.

ಬೆಳಿಗ್ಗೆ ಬೇವಿನ ಕಟ್ಟೆಯ ಮೇಲೆ ಜನ ತುಂಬಿದ್ದರು. ಗಡಿಯಾರವನ್ನು ಮರದ ಮೊಳೆಗೆ ತೂಗುಹಾಕಿದರು. ದೇವಿಂದ್ರಪ್ಪ ಇಸ್ತ್ರಿಯ ಅಂಗಿಯಲ್ಲಿ ಬಂದು ಅದರ ಪಕ್ಕ ಹೆತ್ತ ತಂದೆಯ ಹಾಗೆ ನಿಂತ.

"ಟಿವಿಯಾಗ ಇನ್ನಾ ದೊಡ್ಡದು ಕಾಣ್ತಿತ್ತಲ್ಲೋ" ಎಂದು ಯಾರೋ ಅಂದರು.

"ದೇವಕವ್ವನೂ ಅಲ್ಲಿ ದೊಡ್ಡಾಕಿ ಕಾಣ್ತಾಳ, ಇಲ್ಲಿ ನೋಡು, ಬೆಕ್ಕಿನ ಮರಿ ಆಗ್ಯಾಳ" ಎಂದು ಲಾಲಮ್ಮ ಅಂದಳು. ಲಾಲಮ್ಮ ದೇವಕಮ್ಮನ ಪಕ್ಕದ ಮನೆಯವಳೇ. ನಾಲಿಗೆ ಹರಿತ, ಕಿವಿ ಇನ್ನೂ ಹರಿತ.

ಮಾಸ್ತರು ತಮ್ಮ ಕೈಗಡಿಯಾರ ಬಿಚ್ಚಿ ಪಕ್ಕಕ್ಕೆ ಹಿಡಿದರು. ಎಲ್ಲರಿಗೂ ಒಂದೊಂದು ಚಹಾ ಆಗುವವರೆಗೆ ಕಾದರು. ಎರಡೂ ಗಡಿಯಾರ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ನಡೆದವು.

"ಗಡಿಯಾರ ಬರೋಬ್ಬರಿ ಅದ" ಎಂದರು ಮಾಸ್ತರು.

"ನಮ್ಮ ಸ್ಟುಡಿಯೋದ್ದು ಅಂದ್ರ ಹಂಗs ಇರ್ತದ್ರಿ!" ದೇವಿಂದ್ರಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಅಷ್ಟರಲ್ಲಿ ಈಶಪ್ಪ ಎಂಬವನು ಬಂದು, ತನ್ನ ಟಿವಿಯಲ್ಲಿ ಬರೀ ಚುಕ್ಕಿ ಬರುತ್ತಿವೆ, ಸಾವಕಾರರು ಬಂದದ್ದೇ ಬಂದಿದ್ದಾರೆ, ಒಂಚೂರು ನೋಡಬೇಕೆಂದು ಅವನನ್ನು ಕರೆದುಕೊಂಡು ಹೋದ. ಗೆದ್ದವನ ನಡಿಗೆಯಲ್ಲಿ ದೇವಿಂದ್ರಪ್ಪ ಹೋದ.

ಅಂಬ್ರಪ್ಪ ಎದ್ದು ನಿಂತ. "ನನ್ನ ಕಣ್ಣೀಲೆ ನೋಡೀನ್ರಿ ಮಾಸ್ತರ್ರ. ಏಳೂವರಿ ಆಗಿತ್ತು. ನಾ ಕಳ್ಳ ಅಲ್ಲ."

"ಗಡಿಯಾರ ಸರಿ, ಬಸ್ಸೂ ಸರಿ. ಅಂದ ಮ್ಯಾಲ ತಪ್ಪು ಎಲ್ಲಿ ಉಳೀತೋ ತಮ್ಮಾ?" ಎಂದು ಮಾಸ್ತರು ಮೆಲ್ಲಗೆ ಕೇಳಿದರು.

ಅಂಬ್ರಪ್ಪ ತಲೆ ತಗ್ಗಿಸಿದ. ದೇವಕಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ತಪ್ಪು ನಂದ್ರಿ" ಅಂದಳು. ದನಿ ಟಿವಿಯ ದನಿಯಂತಿರಲಿಲ್ಲ. "ವಾರ್ತಿ ಏಳಕ್ಕ ಓದಂಗಿಲ್ರಿ. ಮಧ್ಯಾಹ್ನನs ತುಂಬಿಡ್ತೀವಿ. ಗಡಿಯಾರ ನಾನs ಏಳಕ್ಕ ತಿರುವಿ ಇಟ್ಟಿರ್ತೀನಿ. ಮಂಗಳವಾರ ಟೇಪು ತಡಾ ಹಾಕ್ಯಾರ. ಅಂಬ್ರಪ್ಪ ಕಾಕಾ ನೋಡಿದ್ದು ಖರೇ ಅದ. ಲಾಲಮ್ಮ ಚಿಗವ್ವ ಅಂದದ್ದೂ ಖರೇ ಅದ."

ದೇವಕಮ್ಮ ತನ್ನ ಕಾಲಬೆರಳನ್ನು ನೋಡುತ್ತ ಕಾದಳು. ಆಮೇಲೆ ಎಲ್ಲೋ ಹಿಂದೆ ಒಂದು ನಗೆ ಪುಸಕ್ಕೆಂದಿತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತ ಕಟ್ಟೆಯೇ ನಗತೊಡಗಿತು.

"ಯವ್ವಾ, ಇಷ್ಟು ಹೇಳಾಕ ಹಿಂಗ ಬೆವತೀಯೇನs?" ಲಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮವ್ವ ರೊಟ್ಟಿ ಬಡಿಯೋದು ಬ್ಯಾರೆ, ನೀ ಬಡಿಯೋದು ಬ್ಯಾರೆ. ನಿಮ್ಮವ್ವಂದು ಧಪ್ ಧಪ್. ನಿಂದು ಅಂಜಿಕೊಂತ, ಟಪ್... ಟಪ್. ಟಿವಿಯಾಗ 'ನಮಸ್ಕಾರ' ಅಂತಿ, ಗ್ವಾಡಿ ಆಚಿಗಿ ರೊಟ್ಟಿ ಬಡೀತಿ. ಒಬ್ಬಾಕಿ ಎರಡು ಕಡಿ ಹೆಂಗ ಇರ್ತಾಳ ಅಂತ ನಮಗ ತಿಳಿಯಂಗಿಲ್ಲೇನು?"

"ಎಲ್ಲಾರಿಗೂ ಗೊತ್ತೇನ್ರಿ?" ಎಂದು ದೇವಕಮ್ಮ ಕೇಳಿದಳು.

"ವಾರ್ತಿ ಹೊತ್ತಿನಾಗ ನಿಮ್ಮನಿ ಬಾಗಲಾ ಯಾರರ ಬಡದಾರೇನವ್ವ, ಇಷ್ಟು ದಿನದಾಗ? ಉಪ್ಪಿಲ್ಲ, ಕೆಂಡ ಇಲ್ಲ ಅಂತ ಯಾರರ ಬಂದಾರ?" ಮಾಸ್ತರು ಕನ್ನಡಕ ಒರೆಸುತ್ತ ಅಂದರು. "ಹುಡುಗಿ ಅಡಗಿ ಕುಂತಾಳ, ಪಾಪ ಕುಂದರ್ಲಿ ಅಂತ ಬಿಟ್ಟೀವಿ."

ಇದ್ದಕ್ಕಿದ್ದಂತೆ ಲಾಲಮ್ಮ ಅಂಬ್ರಪ್ಪನ ಕಡೆ ತಿರುಗಿದಳು. "ಅಲ್ಲೋ, ಆಕಿ ತುಂಬಿಟ್ಟಾಕಿ ಅಂತ ನಿನಗೂ ಗೊತ್ತಿತ್ತಲ್ಲ. ಮತ್ತ ಆ ಗಡಿಯಾರ ನೋಡಿ ನೀರು ಕಟ್ಟತಿದ್ಯಾ?"

ಅಂಬ್ರಪ್ಪ ಕಕ್ಕಾಬಿಕ್ಕಿಯಾದ. "ಆಕೀನ ತುಂಬಿಟ್ಟಾರ, ಖರೇ. ಗಡಿಯಾರದ ಮುಳ್ಳು ತಿರಗತಿತ್ತಲ್ಲಕ್ಕ! ಮನಷ್ಯಾನ್ನ ತುಂಬಿಡಬಹುದು. ಹೊತ್ತು ಎಲ್ಲರ ತುಂಬಿಡಾಕ ಬರ್ತದೇನು?"

ಮಾಸ್ತರು ಬಿಚ್ಚಿದ ಕೈಗಡಿಯಾರವನ್ನು ಮತ್ತೆ ಕಟ್ಟಿಕೊಂಡರು. ಕಡೆಗೆ ಫೈಸಲಾ ಆಯಿತು: ಅಂಬ್ರಪ್ಪ ಕಳ್ಳನಲ್ಲ. ಮಂಗಳವಾರದ ನೀರನ್ನು ಅವನು ಲಾಲಮ್ಮನಿಗೆ ಇವತ್ತು ಸಂಜೆ ಮರಳಿ ಬಿಡಬೇಕು. ಇನ್ನು ಮುಂದೆ ಪಾಳಿ ಸುರಪುರದ ಬಸ್ಸಿನ ಮೇಲೆ. ಲಾಲಮ್ಮ ಕೊಟ್ಟ ಬೈಗುಳ ವಾಪಸ್ಸು. ಅವಳು ಅದನ್ನು ಹಿಂತೆಗೆದುಕೊಳ್ಳಲು ಅಂಬ್ರಪ್ಪನಿಗೆ ತನ್ನ ಕೈಯಾರೆ ಚಹಾ ಕೊಟ್ಟಳು. ಅವನು ಮೂರು ದಿನದ ಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅದನ್ನು ಕುಡಿದ.

"ಇನ್ನೊಂದು ಮಾತು" ಎಂದು ಮಾಸ್ತರು ದನಿ ತಗ್ಗಿಸಿದರು. "ದೇವಿಂದ್ರಪ್ಪಗ ಇದು ಯಾರೂ ಹೇಳಬ್ಯಾಡ್ರಿ. ಹೈದರಾಬಾದಿಲಿಂದ ಹೊತ್ತು ತಂದಾನ ದಿಮಾಕು. ನಮ್ಮೂರಾಗ ಅದನ್ನ ಒಡಿಯೋದು ಬ್ಯಾಡ."

ದೇವಿಂದ್ರಪ್ಪ ಕೈಯ ಧೂಳು ಕೊಡವುತ್ತ ಬಂದಾಗ ಕಟ್ಟೆಯೆಲ್ಲ ಗಂಭೀರ. ಗಡಿಯಾರವನ್ನು ಚೀಲಕ್ಕಿಳಿಸಿ ದೇವಕಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಕಾಲುವೆಯ ದಂಡೆಗೆ ಬಂದ ಮೇಲೆ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕೇಳಿದ:

"ಏನಂದ್ರು? ಯಾರಿಗರ ಡೌಟು ಬಂತೇನು?"

"ಇಲ್ರಿ. ಅಂಬ್ರಪ್ಪ ಕಾಕಾನ ತಪ್ಪಿಲ್ಲ ಅಂತ ಮುಗೀತ್ರಿ. ಬಸ್ಸು ನೋಡಿ ನೀರು ಬಿಡ್ರಿ ಅಂದ್ರು."

"ನೋಡಿದ್ಯಾ! ನೇರ ಪ್ರಸಾರ ಅಂದ್ರ ಹಿಂಗ ಇರಬೇಕು. ಇಡೀ ಊರು ಕುಂತು ನೋಡಿದ್ರೂ ಒಬ್ಬಗೂ ತಿಳೀಲಿಲ್ಲ." ಸ್ಕೂಟರು ಖುಷಿಯಲ್ಲಿ ಒಂದು ಗುಂಡಿಗೆ ಇಳಿದು ಎದ್ದಿತು. "ಹೈದರಾಬಾದಿನಾಗ ನಾ ನಾಕ್ ಗಡಿಯಾರ ನೋಡೀನಿ. ದಿಲ್ಲಿ, ಲಂಡನ್ನು, ಏನೇನೋ. ನಾವೂ ಇನ್ನ ಮೂರು ಹಾಕೂಣು. ಎಲ್ಲಿ ಹಾಕೋದು ಹೇಳು."

"ಬುದ್ಧನ ಮೂಗು ಬಿಟ್ಟು ಎಲ್ಲರ ಹಾಕ್ರಿ ಸಾವಕಾರ್ರ" ಎಂದಳು ದೇವಕಮ್ಮ.

ಆ ಸಂಜೆ ಐದೂವರೆಯ ಬಸ್ಸಿನಿಂದ ಇಳಿದು, ಸೆರಗು ತಲೆಗೆ ಹೊದ್ದು, ಹಿತ್ತಲಿನಿಂದಲೇ ಮನೆ ಸೇರಿದಳು. ಏಳಕ್ಕೆ ಓಣಿಯ ತುಂಬ ಅವಳ ದನಿ ಎದ್ದಿತು. ಅವಳು ಹಿಟ್ಟು ನಾದಿ ಮೊದಲ ರೊಟ್ಟಿ ಬಡಿಯಲು ಕೂತಳು. ಟಪ್, ಟಪ್. ಗೋಡೆಯಾಚೆ ಲಾಲಮ್ಮ ಟಿವಿಯ ದನಿಯನ್ನು ಒಂದಿಷ್ಟು ಏರಿಸಿದಳು, ರೊಟ್ಟಿಯ ಸದ್ದು ಮುಚ್ಚಿಹೋಗುವಷ್ಟು.

ತಾಯಿ ಬಸ್ಸಮ್ಮ ಹೊಸ್ತಿಲಲ್ಲಿ ಕೂತು ರಟ್ಟೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಮುಂಜಾನಿ ಕಟ್ಟಿ ಮ್ಯಾಲ ಏನಾತು? ದೇವಿಂದ್ರಪ್ಪ ಏನಂದ?" ಎಂದು ಕೇಳಿದಳು.

ದೇವಕಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಅದು ಉಬ್ಬುವುದನ್ನೇ ನೋಡಿದಳು. ಊರು ತನಗಾಗಿ ಇಷ್ಟು ದಿನ ಬಾಯಿ ಕಟ್ಟಿಕೊಂಡಿತ್ತು. ಇನ್ನು ತನ್ನ ಪಾಳಿ. ಊರಿಗೆಲ್ಲ ಗೊತ್ತಿದೆ ಎಂಬುದನ್ನು ದೇವಿಂದ್ರಪ್ಪನಿಗೆ ಮಾತ್ರವಲ್ಲ, ಯಾರಿಗೂ, ಯಾವತ್ತೂ ಹೇಳುವುದಿಲ್ಲ.

"ಏನಿಲ್ಲವ್ವ" ಅಂದಳು. "ಗಡಿಯಾರ ಸರಿ ಅದ ಅಂದ್ರು."